ಬಾಯಿ ಬಿಡದ ಆಟೋ ರಿಪ್ಲೈ

ಆಯುಧಪೂಜೆಗೆ ನಮ್ಮ ಆಫೀಸಿನಲ್ಲಿ ಲೇತ್ ಮಷೀನುಗಳ ಜೊತೆಗೆ ಸರ್ವರ್ ರ‍್ಯಾಕಿಗೂ ಪೂಜೆ ಆಗುತ್ತದೆ. ಅದಕ್ಕೆ ಕುಂಕುಮ ಇಡುವ ಕೆಲಸ ನನ್ನದು, ಯಾಕೆಂದರೆ ಆ ಕೋಣೆಯ ಬೀಗದ ಕೈ ಇರುವುದು ನನ್ನ ಹತ್ತಿರ. ಫ್ಯಾನಿನ ಜಾಲರಿಯೊಳಗೆ ಉದುರದ ಹಾಗೆ ಕುಂಕುಮವನ್ನು ಒಂದೇ ಬೆರಳಿನಲ್ಲಿ ಮೆಲ್ಲಗೆ ಒತ್ತಿ, ಮೇಲೊಂದು ಸೇವಂತಿಗೆ ಸಿಕ್ಕಿಸಿ, ಬೂದುಗುಂಬಳ ಒಡೆಯುವುದನ್ನು ನೋಡೋಣ ಅಂತ ಗೇಟಿನ ಕಡೆ ಹೊರಟಿದ್ದೆ. ಅಷ್ಟರಲ್ಲಿ ಎಂಡಿ ಫೋನು. ವಿಷಯ ಆಟೋ ರಿಪ್ಲೈ, ಅಂದರೆ ರಜೆಯಲ್ಲಿ ಇರುವವರಿಗೆ ಮೇಲ್ ಬಂದರೆ 'ನಾನಿಲ್ಲ' ಅಂತ ತಾನೇ ಹೋಗುವ ಉತ್ತರ.

"ಏನ್ರೀ, ಪರ್ಚೇಸ್ ಮೇಡಂ ಆಟೋ ರಿಪ್ಲೈ ಹಾಕಿ ಹೋಗಿಲ್ವಾ?"

"ಹಾಕಿದ್ದಾರೆ ಸಾರ್. ಬೆಳಿಗ್ಗೆ ನನಗೇ ಬಂತು."

"ನಿಮಗೆ ಬಂದು ಏನ್ರೀ ಪ್ರಯೋಜನ? ಕೊಯಮತ್ತೂರಿನವರಿಗೆ ಬಂದಿಲ್ಲ. ರೇಟು ಕನ್ಫರ್ಮ್ ಮಾಡಿ ಅಂತ ಮೂರು ದಿನದಿಂದ ಮೇಲ್ ಹಾಕ್ತಾನೇ ಇದ್ದಾರಂತೆ. ಉತ್ತರ ಇಲ್ಲ ಅಂತ ಮಾಲೇ ಕಳಿಸಿಲ್ಲ."

ಗೇಟಿನ ಕಡೆಯಿಂದ ಕುಂಬಳಕಾಯಿ ಒಡೆದ ಸದ್ದು ಕೇಳಿಸಿತು. ನೋಡುವ ಭಾಗ್ಯ ಇರಲಿಲ್ಲ.

ನಾನು ಪೀಣ್ಯದ ಕಡೆ ಬಿಡಿಭಾಗ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಐಟಿ ನೋಡಿಕೊಳ್ಳುತ್ತೇನೆ. ಐಟಿ ಅಂದರೆ ನಾನೊಬ್ಬನೇ. ಮೇಲ್ ಐಡಿ 130 ಚಿಲ್ಲರೆ, ಪ್ರಿಂಟರು 7, ಸಿಸಿಟಿವಿ, ಬಯೋಮೆಟ್ರಿಕ್, ಕೊನೆಗೆ ಕ್ಯಾಂಟೀನಿನ ಟೀವಿ ರಿಮೋಟು ಕೂಡ ನನ್ನ ಲೆಕ್ಕಕ್ಕೇ. ಮೇಲ್ ಇರುವುದು ಮೈಕ್ರೋಸಾಫ್ಟ್ 365ರಲ್ಲಿ, ಅದರೊಳಗಿನ ಮೇಲ್ ಸರ್ವರ್ ಹೆಸರು ಎಕ್ಸ್‌ಚೇಂಜ್, ಜನ ಬಳಸುವುದು ಔಟ್‌ಲುಕ್. ಯುಗಾದಿ, ಗಣೇಶನ ಹಬ್ಬ, ದಸರಾ ಬಂತು ಅಂದರೆ "ಆಟೋ ರಿಪ್ಲೈ ಹೋಗ್ತಿಲ್ಲ" ಅನ್ನುವ ದೂರು ಒಬ್ಬರಿಂದಾದರೂ ಬಂದೇ ಬರುತ್ತದೆ. ಇಷ್ಟು ವರ್ಷ ಇದರ ಹಿಂದೆ ಓಡಾಡಿ ನಾನು ಕಂಡುಕೊಂಡಿದ್ದು ಇಷ್ಟೇ: ಜಾಸ್ತಿ ಸಲ ಅದು ಕೆಟ್ಟಿರುವುದಿಲ್ಲ, ಬೇಕು ಅಂತಲೇ ಬಾಯಿ ಮುಚ್ಚಿಕೊಂಡಿರುತ್ತದೆ. ಯಾಕೆ ಮುಚ್ಚಿಕೊಂಡಿದೆ ಅಂತ ಹುಡುಕುವುದೇ ನಮ್ಮ ಕೆಲಸ.

ಮೊದಲು ಮೇಡಂಗೆ ಫೋನು ಮಾಡಿದೆ. ಅವರು ಹೋಗಿದ್ದು ತೀರ್ಥಹಳ್ಳಿ ಹತ್ತಿರದ ತಮ್ಮ ಊರಿಗೆ. ಆ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಡಿಕೆ ಒಣಗಿಸುವ ಅಂಗಳದ ಒಂದು ಮೂಲೆಯಲ್ಲಿ ಮಾತ್ರ, ಅಲ್ಲಿಂದ ಎರಡು ಹೆಜ್ಜೆ ಆಚೀಚೆ ಹೋದರೂ ಮಾತು ತುಂಡು ತುಂಡು.

"ನಾನು ಹಾಕಿಯೇ ಬಂದಿದ್ದೀನಿ ಸಾರ್. ಒಳಗಿನವರಿಗೂ ಹಾಕಿದ್ದೀನಿ, ಹೊರಗಿನವರಿಗೂ ಹಾಕಿದ್ದೀನಿ. ಬೇಕಾದ್ರೆ ಪಾಸ್‌ವರ್ಡ್ ಹೇಳ್ತೀನಿ, ನೀವೇ ನೋಡಿ."

"ಬೇಡ ಮೇಡಂ, ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ನನಗೆ ಅದು ಬೇಕಾಗೋದೂ ಇಲ್ಲ."

ನಿಜವಾಗಿ ಬೇಕಾಗುವುದಿಲ್ಲ. ಅಡ್ಮಿನ್ ಆದವರು ಪವರ್‌ಶೆಲ್‌ನಲ್ಲಿ ಒಂದು ಕಮಾಂಡ್ ಕೊಟ್ಟರೆ ಯಾರ ಆಟೋ ರಿಪ್ಲೈ ಹೇಗಿದೆ ಅಂತ ಗೊತ್ತಾಗುತ್ತದೆ. ಗೆಟ್-ಮೇಲ್‌ಬಾಕ್ಸ್‌ಆಟೋರಿಪ್ಲೈಕಾನ್ಫಿಗರೇಷನ್. ಹೆಸರು ಯಶವಂತಪುರದಿಂದ ತುಮಕೂರಿನ ತನಕ ಇದೆ, ಆದರೆ ಕೊಡುವ ಉತ್ತರ ಚುಟುಕು. ಆಟೋರಿಪ್ಲೈಸ್ಟೇಟ್ ಅನ್ನುವ ಸಾಲಿನಲ್ಲಿ ಮೂರರಲ್ಲಿ ಒಂದು ಮಾತು ಇರುತ್ತದೆ. ಡಿಸೇಬಲ್ಡ್ ಅಂದರೆ ಹಾಕೇ ಇಲ್ಲ. ಎನೇಬಲ್ಡ್ ಅಂದರೆ ಹಾಕಿದೆ, ನೀವು ತೆಗೆಯುವ ತನಕ ಇರುತ್ತದೆ. ಶೆಡ್ಯೂಲ್ಡ್ ಅಂದರೆ ಇಂಥ ಹೊತ್ತಿನಿಂದ ಇಂಥ ಹೊತ್ತಿನ ತನಕ. ಮೇಡಂದು ಶೆಡ್ಯೂಲ್ಡ್ ಇತ್ತು, ದಿನಾಂಕವೂ ಸರಿಯಾಗಿತ್ತು. ಅದರ ಕೆಳಗೆ ಎಕ್ಸ್‌ಟರ್ನಲ್ ಆಡಿಯೆನ್ಸ್ ಅಂತ ಇನ್ನೊಂದು ಸಾಲು. ಅಲ್ಲಿ 'ನೋನ್' ಅಂತಿತ್ತು. ಪರಿಚಿತರು ಅಂತ ಅರ್ಥ.

ಇದು ಔಟ್‌ಲುಕ್‌ನಲ್ಲಿ ಹೇಗೆ ಕಾಣುತ್ತದೆ ಅಂದರೆ, ಫೈಲ್ ಒತ್ತಿ ಆಟೋಮ್ಯಾಟಿಕ್ ರಿಪ್ಲೈಸ್ ತೆರೆದಾಗ ಎರಡು ಟ್ಯಾಬ್ ಬರುತ್ತವೆ. ಮೊದಲನೆಯದು ಕಂಪನಿಯ ಒಳಗಿನವರಿಗೆ, ಎರಡನೆಯದು ಹೊರಗಿನವರಿಗೆ. ತುಂಬಾ ಜನ ಮೊದಲನೆಯದರಲ್ಲಿ ಬರೆದು ಓಕೆ ಒತ್ತಿ ಬಸ್ಸು ಹತ್ತುತ್ತಾರೆ, ಎರಡನೆಯ ಟ್ಯಾಬ್ ಇದೆ ಅಂತಲೇ ಗೊತ್ತಿರುವುದಿಲ್ಲ. ಮೇಡಂ ಹಾಗಲ್ಲ, ಎರಡನೆಯದನ್ನೂ ತುಂಬಿದ್ದರು. ಆದರೆ ಅಲ್ಲೂ ಎರಡು ಆಯ್ಕೆ ಇದೆ. ಒಂದು 'ಮೈ ಕಾಂಟ್ಯಾಕ್ಟ್ಸ್ ಓನ್ಲಿ', ಇನ್ನೊಂದು ಹೊರಗಿನ ಯಾರಿಗಾದರೂ ಸರಿ ಅನ್ನುವುದು. ಸ್ಪ್ಯಾಮ್ ಕಳಿಸುವವರಿಗೆಲ್ಲ ಯಾಕೆ ಹೇಳಬೇಕು ಅಂತ ಯೋಚಿಸಿ ಮೊದಲನೆಯದನ್ನು ಒತ್ತಿದ್ದರು. ಯೋಚನೆ ಸರಿಯೇ. ಎಡವಟ್ಟಾಗಿದ್ದು ಇನ್ನೊಂದು ಕಡೆ.

"ಕೊಯಮತ್ತೂರಿನವರು ನನ್ನ ಕಾಂಟ್ಯಾಕ್ಟ್‌ನಲ್ಲಿ ಇದ್ದಾರಲ್ಲ ಸಾರ್! ಮೊದಲ ಎರಡು ಅಕ್ಷರ ಹೊಡೆದ್ರೆ ಸಾಕು, ಅವರ ಹೆಸರು ತಾನೇ ಬರುತ್ತೆ."

ಬರುತ್ತದೆ. ಆದರೆ ಅದು ಕಾಂಟ್ಯಾಕ್ಟ್ ಅಲ್ಲ. ನೀವು ಯಾರಿಗಾದರೂ ಒಂದು ಸಲ ಮೇಲ್ ಹಾಕಿದರೆ ಔಟ್‌ಲುಕ್ ಆ ವಿಳಾಸವನ್ನು ನೆನಪಿಟ್ಟುಕೊಂಡು ಮುಂದಿನ ಸಲ ಟೂ ಜಾಗದಲ್ಲಿ ತೋರಿಸುತ್ತದೆ, ಅದು ಬೇರೆಯದೇ ಪಟ್ಟಿ. ದಿನಾ ಬರುವ ಹಾಲಿನವರ ಮುಖ ನೋಡಿದ ಕೂಡಲೇ ಗುರುತು ಸಿಗುತ್ತದೆ, ಹಾಗಂತ ಅವರ ನಂಬರು ನಮ್ಮ ಫೋನಿನಲ್ಲಿ ಸೇವ್ ಆಗಿರುತ್ತದೆ ಅಂತ ಇಲ್ಲವಲ್ಲ. ಮೇಡಂ ಕಾಂಟ್ಯಾಕ್ಟ್ಸ್ ಅಂತ ಕೈಯಾರೆ ಸೇರಿಸಿಕೊಂಡಿದ್ದು ಬರೀ ನಾಲ್ಕು ಜನರನ್ನ, ಅದರಲ್ಲಿ ಒಬ್ಬರು ಅವರ ಯಜಮಾನರು. ನಾಲ್ಕು ವರ್ಷದಿಂದ ವಾರಕ್ಕೆ ಮೂರು ಸಲ ಮೇಲ್ ಮಾಡುವ ಕೊಯಮತ್ತೂರಿನವರು ಲೆಕ್ಕದಲ್ಲೇ ಇಲ್ಲ.

ಮೇಡಂ ಒಪ್ಪಿಗೆ ಕೇಳಿ 'ನೋನ್' ತೆಗೆದು 'ಆಲ್' ಮಾಡಿದೆ. ನನ್ನ ಜಿಮೇಲಿನಿಂದ ಮೇಡಂಗೆ ಒಂದು ಟೆಸ್ಟ್ ಮೇಲ್ ಹಾಕಿದೆ. ಅರ್ಧ ನಿಮಿಷದಲ್ಲಿ ಉತ್ತರ ಬಂತು. ಕೆಲಸ ಮುಗಿಯಿತು ಅಂತ ಕೈ ಒರೆಸಿಕೊಂಡು ಎಂಡಿ ರೂಮಿಗೆ ಹೋಗಿ ಹೇಳಿದೆ. ಇಲ್ಲೇ ನಾನು ತಪ್ಪು ಮಾಡಿದ್ದು.

"ಎಲ್ಲಿ, ನನ್ನೆದುರಿಗೆ ಒಂದು ಹಾಕಿ ನೋಡೋಣ," ಅಂದರು.

ಅವರೆದುರು ನಿಂತು ಅದೇ ಜಿಮೇಲಿನಿಂದ ಇನ್ನೊಂದು ಹಾಕಿದೆ. ಇಬ್ಬರೂ ಫೋನನ್ನೇ ನೋಡುತ್ತಾ ಕೂತೆವು. ಒಂದು ನಿಮಿಷ. ಎರಡು ನಿಮಿಷ. ಪಿಯೋನ್ ಬಂದು ಕಡ್ಲೆಪುರಿ, ಬಾಳೆಹಣ್ಣಿನ ಪೊಟ್ಟಣ ಕೊಟ್ಟು ಹೋದ. ಎಂಡಿ ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡು, "ಇದೇನಾ ನೀವು ಸರಿ ಮಾಡಿದ್ದು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಒಂದೂವರೆ ಗಂಟೆ ನಾನು ತಪ್ಪೇ ಇಲ್ಲದ ಕಡೆಯೆಲ್ಲ ತಪ್ಪು ಹುಡುಕಿದೆ. ಎಕ್ಸ್‌ಚೇಂಜ್ ಅಡ್ಮಿನ್ ಸೆಂಟರ್‌ಗೆ ಹೋಗಿ ಮೇಲ್ ಫ್ಲೋ ಕೆಳಗೆ ರಿಮೋಟ್ ಡೊಮೇನ್ಸ್ ತೆರೆದೆ. ಇದನ್ನು ನೋಡುವುದು ತಪ್ಪಲ್ಲ, ನೋಡಲೇಬೇಕಾದ ಜಾಗವೇ. ಅಲ್ಲಿ ಡೀಫಾಲ್ಟ್ ಅನ್ನುವ ಒಂದು ಸಾಲು ಇರುತ್ತದೆ, ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು. ನಕ್ಷತ್ರ ಅಂದರೆ ಹೊರಗಿನ ಇಡೀ ಪ್ರಪಂಚ. ಅದರೊಳಗೆ ಔಟ್ ಆಫ್ ಆಫೀಸ್ ಉತ್ತರ ಹೊರಗೆ ಹೋಗಬಹುದಾ ಬೇಡವಾ ಅನ್ನುವ ಆಯ್ಕೆ ಇದೆ. ಅಲ್ಲಿ 'ನನ್', ಅಂದರೆ ಯಾವುದೂ ಬೇಡ, ಅಂತ ಇಟ್ಟುಬಿಟ್ಟರೆ ಮುಗಿಯಿತು, ನೌಕರರು ತಮ್ಮ ಔಟ್‌ಲುಕ್‌ನಲ್ಲಿ ಎಷ್ಟು ಚೆಂದ ಬರೆದರೂ ಒಂದು ಕಾಗದವೂ ಕಾಂಪೌಂಡ್ ದಾಟುವುದಿಲ್ಲ, ಮತ್ತು ಅದು ದಾಟಿಲ್ಲ ಅಂತ ಅವರಿಗೆ ಯಾರೂ ಹೇಳುವುದೂ ಇಲ್ಲ. ನಮ್ಮದರಲ್ಲಿ ಎಕ್ಸ್‌ಟರ್ನಲ್ ಅಂತಲೇ ಇತ್ತು. ಸರಿಯಾಗಿಯೇ ಇತ್ತು. ಪಕ್ಕದಲ್ಲಿ ಆಟೋಮ್ಯಾಟಿಕ್ ರಿಪ್ಲೈ ಅಂತ ಇನ್ನೊಂದು ಟಿಕ್ ಇದೆ, ಅದು ರೂಲ್ ಬರೆದು ಕಳಿಸುವ ಉತ್ತರಗಳಿಗೆ, ಇದಕ್ಕಲ್ಲ. ಎರಡನ್ನೂ ಒಂದೇ ಅಂದುಕೊಂಡು ಅದನ್ನು ತೆಗೆದು ಹಾಕಿ, ಮತ್ತೆ ತೆಗೆದು ಹಾಕಿ ಮಾಡಿದೆ. ಪ್ರತಿ ಸಲವೂ ಅದೇ ಜಿಮೇಲಿನಿಂದ ಟೆಸ್ಟು. ಪ್ರತಿ ಸಲವೂ ಮೌನ.

ಆರನೇ ಟೆಸ್ಟ್ ಹಾಕುವಾಗ ತಲೆಗೆ ಹೊಳೆಯಿತು. ಥತ್, ಒಬ್ಬರಿಗೆ ಒಂದೇ ಸಲ!

ಎಕ್ಸ್‌ಚೇಂಜ್ ಆಟೋ ರಿಪ್ಲೈ ಹಾಕಿದ ಹೊತ್ತಿನಿಂದ ತೆಗೆಯುವ ತನಕ ಒಬ್ಬೊಬ್ಬರಿಗೆ ಒಂದೊಂದೇ ಉತ್ತರ ಕೊಡುತ್ತದೆ. ಯಾರಿಗೆ ಹೇಳಿಯಾಗಿದೆ ಅಂತ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ನೀವು ಐವತ್ತು ಮೇಲ್ ಹಾಕಿದರೂ ಎರಡನೆಯ ಸಲ ಬಾಯಿ ಬಿಡುವುದಿಲ್ಲ. ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಆ ಪಟ್ಟಿ ಖಾಲಿಯಾಗುತ್ತದೆ, ಆಗ ಮತ್ತೆ ಎಲ್ಲರಿಗೂ ಒಂದು ಸಲ. ನನ್ನ ಮೊದಲ ಟೆಸ್ಟೇ ಸರಿಯಾಗಿ ಕೆಲಸ ಮಾಡಿತ್ತು. ಎರಡನೆಯದರಿಂದ ಆರನೆಯದರ ತನಕ ನಾನು ನೋಡುತ್ತಿದ್ದದ್ದು ತಪ್ಪನ್ನಲ್ಲ, ಅದರ ಶಿಸ್ತನ್ನ. ಇದು ನನಗೆ ಗೊತ್ತಿರಲಿಲ್ಲವಾ ಅಂದರೆ ಗೊತ್ತಿತ್ತು, ಬೇರೆಯವರಿಗೆ ಹೇಳಿಕೊಟ್ಟೂ ಇದ್ದೆ. ಎಂಡಿ ಎದುರಿಗೆ ನಿಂತಾಗ ನೆನಪಿಗೆ ಬರಲಿಲ್ಲ ಅಷ್ಟೇ.

ಮತ್ತೆ ರೂಮಿಗೆ ಹೋಗಿ, "ಸಾರ್, ನಿಮ್ಮ ಸ್ವಂತ ಜಿಮೇಲಿನಿಂದ ಒಂದು ಹಾಕಿ," ಅಂದೆ. ಹಾಕಿದರು. ಬರಲಿಲ್ಲ. ನನಗೆ ಬೆವರು. ಸ್ಪ್ಯಾಮ್ ಫೋಲ್ಡರ್ ತೆರೆಸಿದೆ, ಲಾಟರಿ ಗೆದ್ದಿದ್ದೀರಿ ಅನ್ನುವ ಮೇಲ್ ಕೆಳಗೆ ಮೇಡಂ ಆಟೋ ರಿಪ್ಲೈ ತಣ್ಣಗೆ ಕೂತಿತ್ತು.

ಒಬ್ಬರಿಗೆ ಒಂದೇ ಸಲ ಅನ್ನುವ ನಿಯಮ ಯಾಕೆ ಇಷ್ಟು ಬಿಗಿ ಅಂತ ಕೇಳುವವರಿಗೆ ನಾನು ನಾಯಿ ಕಥೆ ಹೇಳುತ್ತೇನೆ. ಅಕ್ಕಪಕ್ಕದ ಮನೆಯಲ್ಲಿ ಎರಡು ನಾಯಿ. ಇದು ಒಂದು ಸಲ ಬೊಗಳಿತು ಅಂದರೆ ಅದು ಬೊಗಳುತ್ತದೆ, ಅದು ಬೊಗಳಿತಲ್ಲ ಅಂತ ಇದು ಮತ್ತೆ ಬೊಗಳುತ್ತದೆ, ಬೆಳಗಿನ ತನಕ ಯಾರಿಗೂ ನಿದ್ದೆ ಇಲ್ಲ. ಇಬ್ಬರು ರಜೆಯಲ್ಲಿದ್ದು, ಇಬ್ಬರದೂ ಆಟೋ ರಿಪ್ಲೈ ಆನ್ ಇದ್ದು, ಎರಡಕ್ಕೂ ಲಗಾಮು ಇಲ್ಲದಿದ್ದರೆ ಇದೇ ಗತಿ. 'ನಾನಿಲ್ಲ', 'ನಾನೂ ಇಲ್ಲ', 'ಹೌದಾ, ನಾನಿಲ್ಲ'. ಸರ್ವರ್ ತುಂಬಿ ಬೀಳುವ ತನಕ.

ಈ ಭಯ ಹಳೆಯದು. ಬರ್ಕ್ಲಿ ಯುನಿಕ್ಸ್ ಅನ್ನುವ ಹಳೆಯ ಆಪರೇಟಿಂಗ್ ಸಿಸ್ಟಮ್ ಕಾಲದಲ್ಲಿ ಎರಿಕ್ ಆಲ್ಮನ್ ಅನ್ನುವವರು ವೆಕೇಷನ್ ಅಂತ ಒಂದು ಪ್ರೋಗ್ರಾಂ ಬರೆದರು, ಮೇಲ್ ಸಾಗಿಸುವ ಸೆಂಡ್‌ಮೇಲ್ ಅನ್ನುವ ಪ್ರೋಗ್ರಾಂ ಬರೆದವರೂ ಅವರೇ. ಆ ಪ್ರೋಗ್ರಾಂ ಒಬ್ಬರಿಗೆ ಒಂದು ಸಲ ಉತ್ತರ ಕೊಟ್ಟರೆ, ಬೇರೆ ಹೇಳದಿದ್ದರೆ, ಒಂದು ವಾರ ಸುಮ್ಮನಿರುತ್ತಿತ್ತು. ಟೂ ಅಥವಾ ಸಿಸಿಯಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ ಉತ್ತರವೇ ಇಲ್ಲ. 2004ರಲ್ಲಿ ಆರ್‌ಎಫ್‌ಸಿ 3834 ಅಂತ ಇಂಟರ್ನೆಟ್ ನಡೆಯುವ ರೀತಿಯ ಒಂದು ದಾಖಲೆ ಬಂತು, ಆಟೋ ರಿಪ್ಲೈ ಹೇಗೆ ನಡೆದುಕೊಳ್ಳಬೇಕು ಅಂತ ಅದರಲ್ಲಿ ಬರೆದಿದೆ. ಒಂಥರಾ ಮನೆಗೆ ಬಂದ ಹೊಸ ಸೊಸೆಗೆ ಅತ್ತೆ ಹೇಳಿದ ಹಾಗಿದೆ. ಇನ್ನೊಂದು ಯಂತ್ರದ ಜೊತೆ ಮಾತಾಡಬೇಡ. ಮೇಲಿಂಗ್ ಲಿಸ್ಟಿಗೆ ಉತ್ತರ ಕೊಡಬೇಡ. ನೀನು ಯಂತ್ರ ಅಂತ ನಿನ್ನ ಮೇಲೆ ಬರೆದುಕೋ. ಈ ಬರೆದುಕೊಳ್ಳುವುದು ಹೆಡರ್‌ನಲ್ಲಿ, ಅಂದರೆ ಮೇಲ್ ಜೊತೆಗೇ ಹೋಗುವ, ಮಾಮೂಲಿಯಾಗಿ ನಮಗೆ ಕಾಣದ ವಿವರಗಳಲ್ಲಿ ಇರುತ್ತದೆ, ಆಟೋ-ಸಬ್ಮಿಟೆಡ್ ಅನ್ನುವ ಸಾಲು. ಇನ್ನೊಂದು ಉಪಾಯ ಲಕೋಟೆಯದು. ಆಟೋ ರಿಪ್ಲೈ ಹೊರಡುವಾಗ ಲಕೋಟೆಯ ಮೇಲೆ ಕಳಿಸಿದವರ ವಿಳಾಸವನ್ನು ಖಾಲಿ ಬಿಡುತ್ತಾರೆ. ಒಳಗಿನ ಕಾಗದದಲ್ಲಿ ಹೆಸರು ಇರುತ್ತದೆ, ಹೊರಗೆ ಇಲ್ಲ. ವಿಳಾಸವೇ ಇಲ್ಲದ ಮೇಲೆ ಅದಕ್ಕೆ ವಾಪಸ್ ಏನನ್ನೂ ಕಳಿಸಲು ಆಗುವುದಿಲ್ಲ ಅಲ್ವಾ, ಅಲ್ಲಿಗೆ ಬೊಗಳಾಟ ನಿಲ್ಲುತ್ತದೆ.

ಅಂದ ಹಾಗೆ, ಎಕ್ಸ್‌ಚೇಂಜ್‌ನವರು ಇದನ್ನು ಓಓಎಫ್ ಅಂತ ಬರೆಯುತ್ತಾರೆ, ಔಟ್ ಆಫ್ ಆಫೀಸ್‌ನ ಓಓಓ ಅಲ್ಲ. ಮೈಕ್ರೋಸಾಫ್ಟ್‌ನ ಹಳೆಯ ಝೆನಿಕ್ಸ್ ಮೇಲ್ ಕಾಲದಲ್ಲಿ 'ಔಟ್ ಆಫ್ ಫೆಸಿಲಿಟಿ' ಅಂತಿತ್ತಂತೆ, ಆ ಎಫ್ ಇನ್ನೂ ಹೋಗಿಲ್ಲ. ಸೆಟ್ಟಿಂಗ್ ಹುಡುಕುವಾಗ ಇದು ಗೊತ್ತಿದ್ದರೆ ಒಳ್ಳೆಯದು, ನಾನು ಶುರುವಿನಲ್ಲಿ ಅದನ್ನು ಟೈಪಿಂಗ್ ಮಿಸ್ಟೇಕ್ ಅಂದುಕೊಂಡಿದ್ದೆ.

ಬೇರೆ ದೂರುಗಳನ್ನೂ ಹೇಳಿಬಿಡುತ್ತೇನೆ, ನನ್ನಂಥ ಒಂಟಿ ಐಟಿಯವರಿಗೆ ಉಪಯೋಗಕ್ಕೆ ಬರಬಹುದು.

ನಮ್ಮ ಡಿಸೈನ್ ಹುಡುಗ ಒಬ್ಬ ಶುಕ್ರವಾರ ಸಂಜೆ 6ಕ್ಕೆ ಶುರುವಾಗಲಿ ಅಂತ ಬ್ರೌಸರ್‌ನಲ್ಲಿ ಶೆಡ್ಯೂಲ್ ಮಾಡಿದ್ದ. ಅದು ಶುರುವಾಗಿದ್ದು ಶನಿವಾರ ಬೆಳಿಗ್ಗೆ 6:30ಕ್ಕೆ. ಅವನು ಹನ್ನೆರಡೂವರೆ ಗಂಟೆ ಎಲ್ಲಿಗೆ ಹೋಯಿತು ಅಂತ ತಲೆ ಕೆರೆದುಕೊಂಡಿದ್ದ. ಅವನ ಮೇಲ್‌ಬಾಕ್ಸಿನ ಟೈಮ್ ಝೋನ್ ಅಮೆರಿಕದ ಪೆಸಿಫಿಕ್ ಆಗಿತ್ತು, ಮೊದಲ ಸಲ ಲಾಗಿನ್ ಆದಾಗ ಕೇಳಿದ ಪ್ರಶ್ನೆಗೆ ನೋಡದೆ ಮುಂದೆ ಒತ್ತಿದ್ದ. ಲ್ಯಾಪ್‌ಟಾಪಿನ ಗಡಿಯಾರ ಸರಿ ಇದ್ದರೆ ಸಾಲದು, ಮೇಲ್‌ಬಾಕ್ಸಿಗೆ ತನ್ನದೇ ಒಂದು ಗಡಿಯಾರ ಇರುತ್ತದೆ.

ಸೇಲ್ಸ್‌ನವರೊಬ್ಬರದು ಫಾರ್ವರ್ಡಿಂಗ್ ಗೋಳು. ಅವರು ರಜೆಯಲ್ಲಿ ಇರುವಾಗ ಮೇಲ್ ಎಲ್ಲಾ ಇನ್ನೊಬ್ಬರಿಗೆ ಹೋಗಲಿ ಅಂತ ನಾನೇ ಅಡ್ಮಿನ್ ಕಡೆಯಿಂದ ಹಾಕಿಕೊಟ್ಟಿದ್ದೆ, ಆದರೆ ಅವರಲ್ಲೂ ಒಂದು ಪ್ರತಿ ಉಳಿಯಲಿ ಅನ್ನುವ ಟಿಕ್ ಹಾಕಲು ಮರೆತೆ. ಮೇಲ್ ಅವರ ಡಬ್ಬಿಗೆ ಬೀಳದೆ ಬಾಗಿಲಲ್ಲೇ ತಿರುಗಿ ಹೋಯಿತು. ಡಬ್ಬಿಗೆ ಬಿದ್ದರೆ ತಾನೇ ಉತ್ತರ? ಟಿಕ್ ಹಾಕಿದೆ, ಸರಿಹೋಯಿತು.

ಸೇಲ್ಸ್ ಅಂತ ನಮ್ಮಲ್ಲಿ ಒಂದು ಗ್ರೂಪ್ ಐಡಿ ಇದೆ, ಐದು ಜನಕ್ಕೆ ಹೋಗುತ್ತದೆ. ಅದಕ್ಕೆ ಬರೆದವರಿಗೆ ಆ ಐವರಲ್ಲಿ ರಜೆಯಲ್ಲಿ ಇರುವವರ ಆಟೋ ರಿಪ್ಲೈ ಹೋಗಬೇಕಾ ಬೇಡವಾ ಅನ್ನುವುದು ಗ್ರೂಪಿನ ಸೆಟ್ಟಿಂಗ್. ನಮ್ಮದರಲ್ಲಿ ಆಫ್ ಇದೆ, ಆಫ್ ಇರುವುದೇ ವಾಸಿ. ಒಂದು ಎನ್‌ಕ್ವೈರಿಗೆ ಐದು 'ನಾನಿಲ್ಲ' ಹೋದರೆ ಆ ಗಿರಾಕಿ ಕಂಪನಿಯೇ ಮುಚ್ಚಿದೆ ಅಂದುಕೊಳ್ಳುತ್ತಾನೆ.

ಔಟ್‌ಲುಕ್ ತೆರೆದು ಆಟೋಮ್ಯಾಟಿಕ್ ರಿಪ್ಲೈಸ್ ಒತ್ತಿದಾಗ ಸರ್ವರ್ ಸಿಗುತ್ತಿಲ್ಲ, ಆಮೇಲೆ ಪ್ರಯತ್ನಿಸಿ ಅಂತ ಬಂದರೆ ಗಾಬರಿ ಬೇಡ. ಮೇಲ್ ಬಂದು ಹೋಗುತ್ತಿರುತ್ತದೆ, ಈ ಸೆಟ್ಟಿಂಗ್ ಮಾತ್ರ ತೆರೆಯುವುದಿಲ್ಲ. ಜಾಸ್ತಿ ಸಲ ಅದು ಆಟೋಡಿಸ್ಕವರ್ ಗಲಾಟೆ, ಅಂದರೆ ಸರ್ವರ್ ಎಲ್ಲಿದೆ ಅಂತ ಔಟ್‌ಲುಕ್ ತಾನೇ ಹುಡುಕಿಕೊಳ್ಳುವ ದಾರಿ ಎಲ್ಲೋ ತಪ್ಪಿದೆ. ಬಸ್ಸಿಗೆ ಹೊತ್ತಾಗಿದ್ದರೆ ಬ್ರೌಸರ್‌ನಲ್ಲಿ ಔಟ್‌ಲುಕ್ ತೆರೆದು ಸೆಟ್ಟಿಂಗ್ಸ್, ಅಕೌಂಟ್ಸ್ ಒಳಗೆ ಹೋಗಿ ಅಲ್ಲೇ ಹಾಕಿ ಹೊರಡಿ. ಆಮೇಲೆ ಪುರಸೊತ್ತಿನಲ್ಲಿ, ಹಳೆಯ ಔಟ್‌ಲುಕ್ ಆದರೆ ಗಡಿಯಾರದ ಪಕ್ಕ ಇರುವ ಅದರ ಐಕಾನಿನ ಮೇಲೆ ಕಂಟ್ರೋಲ್ ಹಿಡಿದು ರೈಟ್ ಕ್ಲಿಕ್ ಮಾಡಿ. ಮಾಮೂಲಿಯಾಗಿ ಕಾಣದ ಒಂದು ಟೆಸ್ಟ್ ಅಲ್ಲಿ ಸಿಗುತ್ತದೆ, ದಾರಿ ಎಲ್ಲಿ ತಪ್ಪಿದೆ ಅಂತ ಅದು ಹೇಳುತ್ತದೆ.

ನಮ್ಮ ಭಾವನದು ಇದೆಲ್ಲಕ್ಕಿಂತ ಬೇರೆ. ಅವರು ದಾವಣಗೆರೆಯಲ್ಲಿ ಆಡಿಟರ್, ಆಫೀಸಿನಲ್ಲಿ ನಾಲ್ಕೇ ಜನ. ಅಕ್ಕನ ಜೊತೆ ಧರ್ಮಸ್ಥಳಕ್ಕೆ ಹೊರಟ ರಾತ್ರಿ ನನಗೆ ಫೋನು.

"ಏನಪ್ಪಾ, ನೀನು ಹೇಳಿದ ಬಟನ್ನೇ ಇಲ್ವಲ್ಲೋ ಇಲ್ಲಿ!"

"ಭಾವ, ನಿಮ್ಮದು ಪಿಒಪಿ ಅಕೌಂಟು, ಮೇಲನ್ನ ಬರೀ ಕಂಪ್ಯೂಟರಿಗೆ ಇಳಿಸಿಕೊಳ್ಳೋ ಥರದ್ದು. ಆ ಬಟನ್ನು ಎಕ್ಸ್‌ಚೇಂಜ್ ಇದ್ದವರಿಗೆ ಮಾತ್ರ ಬರೋದು."

"ಹಂಗಾದ್ರೆ ನಾವೆಲ್ಲ ರಜಾ ಹಾಕಬಾರದೇನು?"

ಹಾಕಬಹುದು, ಆದರೆ ಸುತ್ತು ದಾರಿ. ಉತ್ತರವನ್ನು ಒಂದು ಟೆಂಪ್ಲೇಟ್ ಆಗಿ ಸೇವ್ ಮಾಡಬೇಕು. ಆಮೇಲೆ ರೂಲ್ಸ್‌ಗೆ ಹೋಗಿ, ಬಂದ ಮೇಲ್‌ಗೆಲ್ಲ ಈ ಟೆಂಪ್ಲೇಟಿನಿಂದ ಉತ್ತರ ಕೊಡು ಅಂತ ಬರೆಯಬೇಕು. ಇದರಲ್ಲಿ ಉತ್ತರ ಕೊಡುವುದು ಸರ್ವರ್ ಅಲ್ಲ, ನಿಮ್ಮ ಮೇಜಿನ ಮೇಲಿನ ಕಂಪ್ಯೂಟರ್. ಅದು ಆನ್ ಇರಬೇಕು, ಔಟ್‌ಲುಕ್ ತೆರೆದೇ ಇರಬೇಕು, ಸ್ಲೀಪ್ ಆಗಬಾರದು. ಭಾವನಿಗೆ ಇದೆಲ್ಲ ಫೋನಿನಲ್ಲೇ ಮಾಡಿಸಿ, ಕಂಪ್ಯೂಟರ್ ಆಫ್ ಮಾಡಬೇಡಿ ಅಂತ ಒಂದು ಚೀಟಿ ಅಂಟಿಸಿಸಿದೆ. ಮಾರನೆಯ ದಿನ ಬೆಳಿಗ್ಗೆ ಕಸ ಗುಡಿಸುವ ಅಮ್ಮ ಬಂದು, ರಾತ್ರಿಯೆಲ್ಲ ಕರೆಂಟು ಸುಮ್ನೆ ಉರಿದಿದೆ ಅಂತ ಮೇನ್ ಸ್ವಿಚ್ಚೇ ಆರಿಸಿದ್ದರು. ಚೀಟಿ ಇಂಗ್ಲಿಷಿನಲ್ಲಿತ್ತು. ಈ ರೂಲಿಗೆ ಇನ್ನೊಂದು ಗುಣ ಇದೆ. ಇದೂ ಒಬ್ಬರಿಗೆ ಒಂದೇ ಸಲ ಉತ್ತರ ಕೊಡುತ್ತದೆ, ಆದರೆ ಔಟ್‌ಲುಕ್ ಮುಚ್ಚಿ ತೆರೆದರೆ ಕೊಟ್ಟಿದ್ದೇನೆ ಅನ್ನುವುದು ಮರೆತು ಮತ್ತೆ ಕೊಡುತ್ತದೆ. ಕರೆಂಟು ಹೋಗಿ ಬರುವ ಊರಿನಲ್ಲಿ ಇದರ ಮಜಾ ಬೇರೆ.

ಜಿಮೇಲ್ ಬಳಸುವ ಗೆಳೆಯರು ಕೇಳುತ್ತಾರೆ. ಅದರಲ್ಲಿ ಒಬ್ಬರೇ ಮತ್ತೆ ಮತ್ತೆ ಬರೆದರೆ ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಉತ್ತರ ಹೋಗುತ್ತದೆ. ಸ್ಪ್ಯಾಮ್‌ಗೂ ಮೇಲಿಂಗ್ ಲಿಸ್ಟಿಗೂ ಹೋಗುವುದಿಲ್ಲ.

ಹೋಗದಿರುವುದು ಒಂದು ದೂರಾದರೆ, ನಿಲ್ಲದಿರುವುದು ಇನ್ನೊಂದು. ಕೊನೆಯ ದಿನಾಂಕ ಹಾಕದೆ ಬರೀ ಆನ್ ಮಾಡಿ ಹೋದವರು ವಾಪಸ್ ಬಂದ ಮೇಲೂ ರಜೆಯಲ್ಲೇ ಇರುತ್ತಾರೆ. ಔಟ್‌ಲುಕ್ ಮೇಲ್ಗಡೆ ಹಳದಿ ಪಟ್ಟಿ ಹಾಕಿ ಹೇಳುತ್ತಲೇ ಇರುತ್ತದೆ, ಜನಕ್ಕೆ ಹಳದಿ ಪಟ್ಟಿ ಕಣ್ಣಿಗೇ ಬೀಳುವುದಿಲ್ಲ. ಸ್ಟೋರ್ಸ್‌ನವರೊಬ್ಬರು ಕುಕ್ಕೆಯಿಂದ ಬಂದು ಮೂರು ವಾರ ಆದರೂ ಕುಕ್ಕೆಯಲ್ಲೇ ಇದ್ದರು.

ಬರೆಯುವ ವಿಷಯಕ್ಕೂ ಒಂದು ಮಾತು. ನಾನು ಎಲ್ಲರಿಗೂ ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್ ಬರೆಯಿರಿ ಅನ್ನುತ್ತೇನೆ, ಹೊರ ರಾಜ್ಯದವರಿಗೆ ಹೋಗುವುದಾದರೆ ಇಂಗ್ಲಿಷ್ ಇರಲೇಬೇಕು. ಒಂದೇ ಭಾಷೆ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ವೇಲ್ಸ್‌ನ ಸ್ವಾನ್ಸಿಯ ಕಥೆ ಇದೆ. ಅಲ್ಲಿ ರಸ್ತೆಯ ಬೋರ್ಡು ಇಂಗ್ಲಿಷ್, ವೆಲ್ಶ್ ಎರಡರಲ್ಲೂ ಇರಬೇಕು. 2008ರಲ್ಲಿ ಭಾರಿ ವಾಹನ ಬರಬಾರದು ಅನ್ನುವ ಬೋರ್ಡಿನ ಮಾತನ್ನು ಅನುವಾದಕ್ಕೆ ಮೇಲ್ ಮಾಡಿದ್ದಾರೆ. ವೆಲ್ಶ್‌ನಲ್ಲಿ ಉತ್ತರ ಬಂತು. ಅದನ್ನೇ ಬೋರ್ಡಿನ ಮೇಲೆ ಬರೆಸಿ ನಿಲ್ಲಿಸಿದರು. ವೆಲ್ಶ್ ಓದಲು ಬರುವವರು ನೋಡಿದರೆ ಅಲ್ಲಿ ಬರೆದಿದ್ದು, 'ನಾನು ಸದ್ಯ ಆಫೀಸಿನಲ್ಲಿ ಇಲ್ಲ, ಅನುವಾದದ ಕೆಲಸ ಇದ್ದರೆ ಕಳಿಸಿ' ಅಂತ. ನನಗೆ ಇದು ಎಷ್ಟು ಸಲ ನೆನಪಾದರೂ ನಗು ಬರುತ್ತದೆ. ನಮ್ಮ ಹೈವೇ ಬೋರ್ಡುಗಳ ಕನ್ನಡ ನೋಡಿದಾಗ, ಪರವಾಗಿಲ್ಲ, ಇದಾದರೂ ಆಟೋ ರಿಪ್ಲೈ ಅಲ್ಲ ಅನ್ನಿಸುತ್ತದೆ.

ಇನ್ನು ಕೊಯಮತ್ತೂರು. ಎಂಡಿ ಸ್ಪ್ಯಾಮ್ ಫೋಲ್ಡರ್‌ನಿಂದ ಉತ್ತರ ಎಳೆದು ತೆಗೆದ ಮೇಲೆ, "ಸರಿ, ಅವರಿಗೆ ಹೇಳಿ ಇನ್ನೊಂದು ಮೇಲ್ ಹಾಕಿಸಿ," ಅಂದರು. ಹಾಕಿಸುವ ಮೊದಲೇ ಅವರದು ಇನ್ನೊಂದು ಬಂದಿತ್ತು, ಮಧ್ಯಾಹ್ನ 12ಕ್ಕೆ ಸರಿಯಾಗಿ. ನಾನು 'ಆಲ್' ಮಾಡಿದ ಮೇಲೆ ಬಂದ ಮೇಲ್ ಅದು. ಅವರಿಗೆ ಒಂದು ಸಲವೂ ಉತ್ತರ ಹೋಗಿಲ್ಲ, ಹಾಗಾಗಿ ಒಬ್ಬರಿಗೆ ಒಂದೇ ಅನ್ನುವ ನಿಯಮವೂ ಅಡ್ಡ ಬರುವುದಿಲ್ಲ. ಮೇಲ್ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ತೋರಿಸುವ ಮೆಸೇಜ್ ಟ್ರೇಸ್ ಹಾಕಿ ನೋಡಿದೆ. ಮೇಲ್ ಮೇಡಂ ಡಬ್ಬಿಗೆ ಬಿದ್ದಿದೆ. ಉತ್ತರ ಮಾತ್ರ ಹೊರಟೇ ಇಲ್ಲ.

ಆ ಮೇಲಿಗೆ ನಮ್ಮ ಅಕೌಂಟ್ಸ್ ಹುಡುಗನಿಗೂ ಸಿಸಿ ಇತ್ತು. ಅವನು ಪೂಜೆಯ ಬಾಳೆಕಂದು ಬೈಕಿಗೆ ಕಟ್ಟುತ್ತಿದ್ದವನು, ಕರೆದು ಕೂರಿಸಿದೆ. ಅವನ ಔಟ್‌ಲುಕ್‌ನಲ್ಲಿ ಆ ಮೇಲನ್ನು ಬೇರೆ ಕಿಟಕಿಯಲ್ಲಿ ತೆರೆದು, ಫೈಲ್, ಪ್ರಾಪರ್ಟೀಸ್ ಒತ್ತಿದೆ. ಕೆಳಗೆ ಇಂಟರ್ನೆಟ್ ಹೆಡರ್ಸ್ ಅಂತ ಒಂದು ಪುಟ್ಟ ಚೌಕ ಇರುತ್ತದೆ. ಯಾರೋ ಜಗಳದಲ್ಲಿ ಬರೆದ ಹಾಗೆ ಸಾಲುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಎಲ್ಲವನ್ನೂ ನೋಟ್‌ಪ್ಯಾಡ್‌ಗೆ ಹಾಕಿ ಮೇಲಿನಿಂದ ಓದುತ್ತಾ ಬಂದೆ. ಮಧ್ಯದಲ್ಲಿ ಸಿಕ್ಕಿತು. ಆಟೋ-ಸಬ್ಮಿಟೆಡ್, ಅದರ ಮುಂದೆ ಆಟೋ-ಜನರೇಟೆಡ್. ಎರಡು ಸಾಲು ಬಿಟ್ಟು ಎಕ್ಸ್-ಆಟೋ-ರೆಸ್ಪಾನ್ಸ್-ಸಪ್ರೆಸ್, ಅದರ ಮುಂದೆ ಆಲ್.

ಅಂದರೆ ಆ ಮೇಲ್ ತಾನಾಗಿಯೇ ಹೇಳುತ್ತಿದೆ. ನಾನು ಮನುಷ್ಯ ಬರೆದದ್ದಲ್ಲ. ನನಗೆ ಯಾವ ಥರದ ಆಟೋ ಉತ್ತರವನ್ನೂ ಕಳಿಸಬೇಡಿ. ನಮ್ಮ ಸರ್ವರ್ ಮರ್ಯಾದೆಯಿಂದ ಕಳಿಸಿಲ್ಲ.

ಕೊಯಮತ್ತೂರಿಗೆ ಫೋನು ಹ‍ಚ್ಚಿದೆ. ಅವರ ಕಡೆಯೂ ಆಯುಧಪೂಜೆ, ಹಿಂದೆ ಗಂಟೆ ಬಾರಿಸುವ ಸದ್ದು ಕೇಳುತ್ತಿತ್ತು. ಅರ್ಧ ಇಂಗ್ಲಿಷು, ಕಾಲು ತಮಿಳು, ಉಳಿದಿದ್ದು ಅವರು ಬೆಂಗಳೂರಿನಲ್ಲಿದ್ದಾಗ ಕಲಿತ ಕನ್ನಡ.

"ಸಾರ್, ರೇಟ್ ರಿಮೈಂಡರ್ ಮೇಲ್ ನೀವೇ ಹಾಕಿದ್ದಾ?"

"ನಾನಾ? ಇಲ್ಲ ಸಾರ್. ಅದು ಬಿಲ್ಲಿಂಗ್ ಸಾಫ್ಟ್‌ವೇರ್. ಕನ್ಫರ್ಮ್ ಆಗೋ ತನಕ ದಿನಾ ಹನ್ನೆರಡು ಗಂಟೆಗೆ ತಾನೇ ಕಳಿಸುತ್ತೆ."

"ಆ ಐಡಿಗೆ ಉತ್ತರ ಬಂದರೆ ಯಾರು ನೋಡ್ತಾರೆ?"

"ಯಾರೂ ನೋಡಲ್ಲ ಸಾರ್."

ಅವರ ಸ್ವಂತ ಐಡಿಯಿಂದ ಮೇಡಂಗೆ ಒಂದು ಖಾಲಿ ಮೇಲ್ ಹಾಕಿ ಅಂದೆ. ಹಾಕಿದರು. "ಬಂತು, ಬಂತು. ಸ್ಟೋರ್ಸ್‌ನವರಿಗೆ ಬರೆಯಿರಿ ಅಂತ ಇದೆ," ಅಂತ ಓದಿ ಹೇಳಿದರು. ಸ್ಟೋರ್ಸ್‌ನವರ ಮೇಜಿಗೆ ಹೋಗಿ ರೇಟು ತೋರಿಸಿ, ಅವರಿಂದ ಎಂಡಿಗೆ, ಎಂಡಿಯಿಂದ ಕೊಯಮತ್ತೂರಿಗೆ ಕನ್ಫರ್ಮ್ ಹೋಗುವ ಹೊತ್ತಿಗೆ ಸಂಜೆ ನಾಲ್ಕು. ಮಾಲು ಹಬ್ಬ ಕಳೆದ ಮೇಲೆ ಬಂತು.

ಕನ್ಫರ್ಮ್ ಆಗಿದೆ ಅಂತ ಆ ಸಾಫ್ಟ್‌ವೇರ್‌ಗೆ ಹೇಳಲು ಮಾತ್ರ ಅವರು ಮರೆತಿರಬೇಕು. ವಿಜಯದಶಮಿಯ ದಿನ ಮನೆಯಲ್ಲಿ ಊಟಕ್ಕೆ ಕೂತಾಗ ಅಕೌಂಟ್ಸ್ ಹುಡುಗನ ವಾಟ್ಸಾಪ್ ಬಂತು, ಒಂದು ಸ್ಕ್ರೀನ್‌ಶಾಟ್ ಜೊತೆಗೆ: ಸಾರ್, 12 ಗಂಟೆ ಆಯ್ತು, ಬಂತು ನೋಡಿ.